ಜಪಾನಿನ ಮಳೆಗೆ ಚಪ್ಪಾಳೆ

ನಮ್ಮ ಮನೆಯ ಬಾಗಿಲ ಹಿಂದೆ ಒಂದು ಮಳೆಕೋಟು ನೇತಾಡುತ್ತಿದೆ. ಆಚೆಯದು ಈಚೆಗೆ ಕಾಣುವಂಥ ತೆಳು ಪ್ಲಾಸ್ಟಿಕ್ಕಿನದು. ದುಬೈಯ ಅಲ್ ಕುಸೈಸಿನಲ್ಲಿ ಬಾಗಿಲಿಗೆ ಮಳೆಕೋಟು ತೂಗುಹಾಕಿಕೊಂಡವಳು ನಾನೊಬ್ಬಳೇ ಇರಬೇಕು. ಮನೆಗೆ ಬಂದವರು ಚಪ್ಪಲಿ ಕಳಚುವಾಗ ಅದನ್ನು ನೋಡಿ, ಇದೆಂತ ಆಂಟಿ ಇಲ್ಲಿ, ಎಂದು ಕೇಳುತ್ತಾರೆ. ಕೇಳಲಿ ಎಂದೇ ಅಲ್ಲಿ ಹಾಕಿದ್ದು. ಜಪಾನಿಗೆ ಹೋಗಿದ್ದೆ ಅಲ್ವಾ, ಅಲ್ಲಿಯದ್ದು ಎಂದು ನಾನು ಅಡುಗೆಮನೆಯಿಂದಲೇ ಹೇಳುತ್ತೇನೆ, ಏನೋ ಕಾರ್ಕಳಕ್ಕೆ ಹೋಗಿಬಂದವಳ ಹಾಗೆ. ಆಮೇಲೆ ಅವರು ಕೂತುಕೊಳ್ಳುತ್ತಾರೆ. ನಾನೂ ಕೂತುಕೊಳ್ಳುತ್ತೇನೆ. ಚಹಾ ತಣಿಯುತ್ತದೆ.

ನಿಮಗೂ ಹೇಳುತ್ತೇನೆ. ಅವರಿಗೆ ಹೇಳುವಾಗ ನುಂಗಿಕೊಳ್ಳುವ ಒಂದು ಸಂಗತಿಯನ್ನು ನಿಮಗೆ ನುಂಗದೆ ಹೇಳುತ್ತೇನೆ. ಜಪಾನಿನಲ್ಲಿ ನನ್ನ ಕಣ್ಣಿಗೆ ಎಷ್ಟು ಹಬ್ಬವಾಯಿತೋ ಹೊಟ್ಟೆಗೆ ಅದಕ್ಕಿಂತ ಹೆಚ್ಚು ಉರಿಯಾಯಿತು. ಉರಿಗೆ ಕಾರಣ ನನ್ನ ಬೀಗಿತ್ತಿ.

ನಾನಿರುವುದು ಮೂರನೇ ಮಹಡಿಯಲ್ಲಿ, ಮಗ ಸೊಸೆಯ ಜೊತೆ. ಮಗಳು ಸುಪ್ರೀತಾ ಆಗ ಅದೇ ಕಟ್ಟಡದ ಐದನೇ ಮಹಡಿಯಲ್ಲಿದ್ದಳು. ಅಳಿಯ ಮೈಸೂರಿನವನು. ಅವರಿಗೊಬ್ಬಳೇ ಮಗಳು ಪ್ರಣತಿ, ಏಳು ವರ್ಷದವಳು. ಬೇರೆಯವರ ಮೊಮ್ಮಕ್ಕಳೂ ಚೆಂದವೇ ಇರುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುವ ಮಗುವನ್ನು ನೀವು ನೋಡಿದ್ದೀರಾ? ಆ ಗುಳಿ ನಮ್ಮ ಕಡೆಯದು. ಬೀಗಿತ್ತಿ ಮಾತ್ರ ಅದು ತಮ್ಮ ಯಜಮಾನರದು ಎನ್ನುತ್ತಾರೆ. ಅವರ ಯಜಮಾನರ ಫೋಟೋವನ್ನು ನಾನು ಕನ್ನಡಕ ಹಾಕಿಕೊಂಡು ನೋಡಿದ್ದೇನೆ. ಗುಳಿ ಇಲ್ಲ, ಮೀಸೆ ಇದೆ.

ಇಷ್ಟು ವಯಸ್ಸಿನಲ್ಲಿ ನನಗೆ ಇಲ್ಲಿ ಒಂದು ಉದ್ಯೋಗವಿತ್ತು. ಮಧ್ಯಾಹ್ನ ಶಾಲೆಯ ಬಸ್ಸು ನಮ್ಮ ಕಟ್ಟಡದ ಮುಂದೆ ನಿಲ್ಲುತ್ತದೆ. ಬಸ್ಸಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಒಬ್ಬಳು ಹೆಂಗಸು ಇರುತ್ತಾಳೆ. ಚಿಕ್ಕ ಮಕ್ಕಳನ್ನು ಅವಳು ಸುಮ್ಮನೆ ಕೆಳಗಿಳಿಸುವಂತಿಲ್ಲ. ಮನೆಯವರು ಬಾಗಿಲ ಬಳಿ ನಿಂತಿರಬೇಕು, ಅವರ ಕೈಗೆ ಮಗುವಿನ ಕೈ ಕೊಡಬೇಕು. ಯಾರೂ ಇಲ್ಲದಿದ್ದರೆ ಮಗು ವಾಪಸ್ ಶಾಲೆಗೆ ಹೋಗುತ್ತದೆ. ಸುಪ್ರೀತಾ, ಅಳಿಯ ಇಬ್ಬರೂ ಆಫೀಸಿನಲ್ಲಿರುವುದರಿಂದ ಆ ಕೈ ನನ್ನದಾಗಿತ್ತು. ಪ್ರಣತಿ ಶಾಲೆಗೆ ಸೇರಿದಂದಿನಿಂದ ಒಂದು ದಿನವೂ ನಾನು ತಪ್ಪಿಸಿಕೊಂಡವಳಲ್ಲ. ಜ್ವರ ಇದ್ದಾಗ ಶಾಲು ಹೊದ್ದುಕೊಂಡು ಹೋಗಿ ನಿಂತಿದ್ದೇನೆ. ಬಸ್ಸಿನವಳ ಕೈಯಿಂದ ಆ ಬೆಚ್ಚಗಿನ, ಅಂಟಂಟು, ಪೆನ್ಸಿಲ್ ವಾಸನೆಯ ಕೈ ನನ್ನ ಕೈಗೆ ಬರುವ ಗಳಿಗೆ ಇದೆಯಲ್ಲ, ಅದಕ್ಕಾಗಿಯೇ ನಾನು ಬೆಳಿಗ್ಗೆ ಏಳುತ್ತಿದ್ದದ್ದು.

ಬೀಗಿತ್ತಿಯ ಹೆಸರು ವಿಶಾಲಾಕ್ಷಿ. ಮೈಸೂರಿನಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಈಗ ದೊಡ್ಡ ಮಗನ ಜೊತೆ ದುಬೈ ಸಿಲಿಕಾನ್ ಓಯಸಿಸ್‌ನಲ್ಲಿದ್ದಾರೆ. ನಾನು ಅವರನ್ನು ಟೀಚರೇ ಎನ್ನುತ್ತೇನೆ. ಅವರು ನನ್ನನ್ನು ವಾರಿಜಾ ಅವರೇ ಎನ್ನುತ್ತಾರೆ, ಹಾಜರಿ ಕರೆಯುವ ಹಾಗೆ. ಒಳ್ಳೆಯ ಹೆಂಗಸು. ಒಳ್ಳೆಯವರಾಗಿರುವುದೇ ತೊಂದರೆ. ಕೆಟ್ಟವರಾಗಿದ್ದರೆ ನನಗೆ ಇಷ್ಟು ಕಷ್ಟ ಆಗುತ್ತಿರಲಿಲ್ಲ.

ಅಳಿಯನ ಆಫೀಸು ಇರುವುದೂ ಸಿಲಿಕಾನ್ ಓಯಸಿಸ್‌ನಲ್ಲಿಯೇ. ದಿನಾ ಬೆಳಿಗ್ಗೆ ಕಾರುಗಳ ಸಾಲಿನಲ್ಲಿ ಕೂತು ಕೂತು ಅವನಿಗೆ ಸಾಕಾಗಿತ್ತು. ಅಣ್ಣನ ಮನೆಯ ಪಕ್ಕದ ಕಟ್ಟಡದಲ್ಲೇ ಒಂದು ಫ್ಲಾಟು ನೋಡಿದ್ದಾನೆ ಎಂದು ಸುಪ್ರೀತಾ ಒಂದು ದಿನ ಬಾಳೆಕಾಯಿ ಹೆಚ್ಚುತ್ತಾ ಹೇಳಿದಳು. ನನ್ನ ಮುಖ ನೋಡಲಿಲ್ಲ. ನಾನು ಕೇಳಿದ್ದು ಒಂದೇ, ಬಸ್ಸಿನ ಹತ್ತಿರ ಯಾರು ನಿಲ್ಲುವುದು ಅಂತ. ಅತ್ತೆ ಇದ್ದಾರಲ್ಲ ಅಮ್ಮ, ಎಂದಳು. ಮತ್ತೆ, ಇನ್ನೂ ಏನೂ ಆಗಲಿಲ್ಲ, ಜಪಾನಿಗೆ ಹೋಗಿಬಂದ ಮೇಲೆ ನೋಡುವ, ಪ್ರಣತಿಯನ್ನೂ ಕೇಳುವ ಎಂದು ಸೇರಿಸಿದಳು.

ಪ್ರಣತಿಯನ್ನು ಕೇಳುತ್ತಾರೆ ಎಂದ ಕೂಡಲೇ ನನಗೆ ಧೈರ್ಯ ಬಂತು. ಜಪಾನಿನಲ್ಲಿ ಮಗುವನ್ನು ಒಲಿಸಿಕೊಂಡರೆ ಆಯಿತು. ಟೀಚರೂ ಬರುತ್ತಿದ್ದರು. ಇಬ್ಬರು ಅಜ್ಜಿಯರಲ್ಲಿ ಒಬ್ಬರನ್ನು ಕರೆದುಕೊಂಡು ಹೋಗಿ ಇನ್ನೊಬ್ಬರನ್ನು ಬಿಟ್ಟುಹೋಗುವಷ್ಟು ಎದೆಗಾರಿಕೆ ನಮ್ಮ ಅಳಿಯನಿಗೆ ಇಲ್ಲ. ಅವನಿಗೆ ಅಲ್ಲಿ ಆಫೀಸಿನ ಕೆಲಸವಿತ್ತು, ಮಗುವಿಗೆ ಶಾಲೆಯ ಸಣ್ಣ ರಜೆ, ಅಲ್ಲಿ ಶರತ್ಕಾಲದ ಹಬ್ಬ. ಮೂರೂ ಕೂಡಿ ಬಂದವು.

ಚಳಿ ಉಂಟು ಎಂದರು. ಮಗ ನನ್ನನ್ನು ನೈಫ್ ಬಜಾರಿಗೆ ಕರೆದುಕೊಂಡು ಹೋದ. ಅಲ್ಲಿಯ ಗಲ್ಲಿಗಳಲ್ಲಿ ಸಿಗದ ವಸ್ತು ಇಲ್ಲ. ಬೆವರು ಒರೆಸಿಕೊಳ್ಳುತ್ತಾ ನಾನು ಪ್ರಣತಿಗೆ ಗುಲಾಬಿ ಬಣ್ಣದ, ಮಿಣಮಿಣ ಮಿಂಚುವ ಒಂದು ಸ್ವೆಟರ್ ಆರಿಸಿದೆ. ವಿಮಾನ ನಿಲ್ದಾಣಕ್ಕೆ ಬಂದು ನೋಡಿದರೆ ಟೀಚರು ತಮ್ಮ ಕೈಯಾರೆ ಹೆಣೆದ ನೀಲಿ ಸ್ವೆಟರ್ ತಂದಿದ್ದಾರೆ. ಎದೆಯ ಮೇಲೆ ಮೊಲ, ಮೊಲದ ಬಾಲಕ್ಕೆ ನಿಜವಾದ ಕುಚ್ಚು. ಆ ಬಾಲವನ್ನು ಮಗು ವಿಮಾನದಲ್ಲಿ ದಾರಿಯುದ್ದಕ್ಕೂ ಸವರುತ್ತಾ ಕೂತಿತ್ತು. ನನ್ನ ಮಿಂಚು ಒಳಗೆ ಹೋಯಿತು, ಮೊಲ ಹೊರಗೆ ಬಂತು.

ಹಬ್ಬ ನಡೆಯುವುದು ಬೆಟ್ಟಗಳ ನಡುವಿನ ಒಂದು ಊರಿನಲ್ಲಿ. ಹೆಸರು ಟೀಚರಿಗೆ ಬಾಯಿಪಾಠ, ನನಗೆ ಇವತ್ತಿಗೂ ನಾಲಿಗೆ ಹೊರಳುವುದಿಲ್ಲ. ಮರಗಳ ಎಲೆಯೆಲ್ಲ ಕೆಂಪು. ನಾನು ಹೂವು ಎಂದುಕೊಂಡೆ, ಟೀಚರು ಎಲೆ ಎಂದು ತಿದ್ದಿದರು. ಓಣಿಗಳು ಕಿರಿದು, ಮನೆಗಳು ಮರದವು, ಪ್ರತಿ ಮನೆಯ ಮುಂದೆ ಬಟ್ಟೆಯ ಪರದೆ ಕಟ್ಟಿ ಕಾಗದದ ದೀಪ ತೂಗಿಬಿಟ್ಟಿದ್ದರು. ಅಂಥ ಓಣಿಗಳ ನಡುವೆ ಅವು ನಿಂತಿದ್ದವು. ಅವನ್ನು ತೇರು ಎನ್ನಲೇ, ಬಂಡಿ ಎನ್ನಲೇ ಎಂದು ನನಗೆ ಈಗಲೂ ಗೊತ್ತಿಲ್ಲ. ಮದುವೆಯ ಒಡವೆ ಇಡುವ ಪೆಟ್ಟಿಗೆಗೆ ಗಾಲಿ ಹಚ್ಚಿ ಮನೆಯಷ್ಟು ಎತ್ತರ ಮಾಡಿದರೆ ಹೇಗಿರುತ್ತದೆ, ಹಾಗೆ. ಕಪ್ಪು ಅರಗಿನ ಹೊಳಪು, ಚಿನ್ನದ ಕೆತ್ತನೆ, ಸುತ್ತ ಕೆಂಪು ಜರಿಯ ಪರದೆ. ಒಂದೊಂದು ಕೇರಿಗೆ ಒಂದೊಂದಂತೆ. ಅಜ್ಜನ ಅಜ್ಜನ ಕಾಲದಿಂದ ಆ ಕೇರಿಯವರೇ ಎಳೆಯುವುದು, ಅವರೇ ತೊಳೆಯುವುದು, ಅವರೇ ಕಾಯುವುದು. ಇದನ್ನೆಲ್ಲ ಟೀಚರು ಹೇಳಿದ್ದು. ಪ್ರಣತಿ ಅವರ ಕೈ ಹಿಡಿದುಕೊಂಡು ಕಣ್ಣರಳಿಸಿ ಕೇಳುತ್ತಿದ್ದಳು. ನಾನು ಅವಳ ಇನ್ನೊಂದು ಕೈ ಹಿಡಿಯಲು ಹೋದರೆ ಅದರಲ್ಲಿ ಐಸ್‌ಕ್ರೀಮ್ ಇತ್ತು.

ಒಂದು ಬಂಡಿಯ ಮೇಲೆ ಬೊಂಬೆಯಾಟವಾಯಿತು. ಮೇಲಿನ ಅಂತಸ್ತಿನಿಂದ ಉದ್ದಕ್ಕೆ ಒಂದು ತೊಲೆ ಚಾಚಿತ್ತು. ಅದರ ತುದಿಯಲ್ಲಿ ಡೊಳ್ಳು ಹೊಟ್ಟೆಯ, ಬಾಯಿ ತುಂಬ ನಗುವ ಒಬ್ಬ ಮುದುಕ ಬೊಂಬೆ. ಇನ್ನೊಂದು ತುದಿಯಿಂದ ಎರಡು ಮಕ್ಕಳ ಬೊಂಬೆ ಒಂದು ಜೋಕಾಲಿಯಿಂದ ಮತ್ತೊಂದಕ್ಕೆ ಹಾರುತ್ತಾ, ತಲೆಕೆಳಗಾಗಿ ನೇತಾಡುತ್ತಾ ಬಂದು ಕೊನೆಗೆ ಮುದುಕನ ಹೆಗಲೇರಿ ಕೂತವು. ಜನರೆಲ್ಲ ಒಂದೇ ಉಸಿರಿನಲ್ಲಿ ಹೋ ಎಂದರು. ಕೆಳಗೆ ಪರದೆಯ ಒಳಗೆ ಆಳುಗಳು ಕೂತು ದಾರ ಎಳೆಯುತ್ತಾರೆ, ಅವರ ಮುಖ ಯಾರಿಗೂ ಕಾಣುವುದಿಲ್ಲ ಎಂದು ಟೀಚರು ವಿವರಿಸಿದರು. ನನಗೆ ದಾರ ಎಳೆಯುವುದು ಏನೆಂದು ಗೊತ್ತಿತ್ತು. ಬೆಳಗಿನಿಂದ ನಾವಿಬ್ಬರೂ ಅದನ್ನೇ ಮಾಡುತ್ತಿದ್ದೆವು. ನಾನು ನೋಡುತ್ತಿದ್ದದ್ದು ಆ ಮುದುಕನನ್ನು. ಅವನಿಗೆ ಎರಡು ಹೆಗಲು, ಎರಡು ಮಕ್ಕಳು. ಇಲ್ಲಿ ಇಬ್ಬರು ಅಜ್ಜಿಯರಿಗೆ ಒಂದೇ ಮಗು. ಹಾಗಾದರೆ ಅವನು ನಗದೆ ಏನು ಮಾಡುತ್ತಾನೆ?

ಮಧ್ಯಾಹ್ನವಾಗುವಾಗ ಬಿಸಿಲು ಹೋಗಿ ಮೋಡ ಕವಿಯಿತು. ಅಳಿಯ, ಸುಪ್ರೀತಾ ಏನೋ ತಿನ್ನಲು ತರುತ್ತೇವೆಂದು ಹೋದರು. ಮಗುವಿಗೆ ಕಾಲು ನೋವು. ಒಂದು ಮನೆಯ ಮುಂದಿನ ಜಗಲಿಯಂಥ ಹಲಗೆಯ ಮೇಲೆ ಮೂವರೂ ಕೂತೆವು. ಒಳಗಿನಿಂದ ಒಬ್ಬರು ಮುದುಕಿ ಬಂದರು. ನನ್ನಷ್ಟೇ ಕುಳ್ಳಗೆ, ನನಗಿಂತ ನೇರ ಬೆನ್ನು. ನಾವು ಗಡಿಬಿಡಿಯಿಂದ ಎದ್ದರೆ, ಕೂತುಕೊಳ್ಳಿ ಎಂದು ಕೈಮಾಡಿ, ಒಳಗೆ ಹೋಗಿ ಮಗುವಿಗೆ ದಿಂಬು ತಂದುಕೊಟ್ಟು ತಾವೂ ಪಕ್ಕದಲ್ಲಿ ಕೂತರು. ಓಣಿಯ ಆ ತುದಿಯಲ್ಲಿ ಅವರ ಕೇರಿಯ ಬಂಡಿ ಹೊರಡಲು ಸಿದ್ಧವಾಗಿತ್ತು. ಮುದುಕಿ ನನ್ನ ತೋಳು ಮುಟ್ಟಿ ಬಂಡಿಯ ಮೇಲಂತಸ್ತನ್ನು ತೋರಿಸಿದರು. ಅಲ್ಲಿ ಹೂವಿನಂಥ ಬಟ್ಟೆ ತೊಟ್ಟ ಒಬ್ಬ ಹುಡುಗ ಸಣ್ಣ ಡೋಲಿನ ಮುಂದೆ ಕೂತಿದ್ದ. ಮೂಗಿನ ಮೇಲೆ ಬಿಳಿ ಬಣ್ಣದ ಗೆರೆ. ಮುದುಕಿ ಹುಡುಗನ ಕಡೆ ಬೆರಳು ಮಾಡಿದರು, ಆಮೇಲೆ ತಮ್ಮ ಎದೆ ಮುಟ್ಟಿಕೊಂಡರು. ಮೊಮ್ಮಗ. ಇದಕ್ಕೆ ಟೀಚರು ಬೇಕಾಗಲಿಲ್ಲ.

ಹಾದುಹೋಗುವವರೆಲ್ಲ ಆ ಮುದುಕಿಗೆ ಬಗ್ಗಿ ಏನೋ ಹೇಳಿ ಹೋಗುತ್ತಿದ್ದರು. ಅವರು ಪ್ರತಿ ಸಲವೂ ಬಗ್ಗುತ್ತಿದ್ದರು, ಪ್ರತಿ ಸಲವೂ ಸ್ವಲ್ಪ ಎತ್ತರವಾಗುತ್ತಿದ್ದರು. ಒಂದು ಇಡೀ ಓಣಿಗೆ ಇವರ ಮೊಮ್ಮಗ ಯಾರೆಂದು ಗೊತ್ತು. ನನ್ನ ಪ್ರಣತಿ ಯಾರೆಂದು ಅಲ್ ಕುಸೈಸಿನಲ್ಲಿ ಕಾವಲುಗಾರನಿಗೆ ಗೊತ್ತು, ಕೆಳಗಿನ ಗ್ರೋಸರಿಯವನಿಗೆ ಗೊತ್ತು. ಈಗ ಅದೂ ತಪ್ಪುವ ಹಾಗಿತ್ತು. ಆ ಹೊತ್ತಿಗೆ ಟೀಚರ ಮೇಲಿನ ಉರಿಯೆಲ್ಲ ಈ ಮುದುಕಿಯ ಮೇಲೆ ತಿರುಗಿತು.

ಹೊಟ್ಟೆಕಿಚ್ಚು ನನಗೆ ಹೊಸತೇನಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತವಳು ನಾನು. ಎಲೆ ಒದ್ದೆ ಮಾಡಿ, ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ ಬೆರಳಿನ ತುದಿಯೆಲ್ಲ ಹಳದಿ. ಒಂದು ನವರಾತ್ರಿಗೆ ನನ್ನ ತಮ್ಮನಿಗೆ ಮರಿಹುಲಿಯ ವೇಷ ಹಾಕಿದರು. ಮೈಗೆಲ್ಲ ಬಣ್ಣ ಬಳಿದು, ಅದು ಒಣಗುವ ತನಕ ಅವನು ಎರಡು ಕೈಯಲ್ಲಿ ಎರಡು ಕೋಲು ಊರಿಕೊಂಡು ಕಾಲು ಅಗಲಿಸಿ ನಿಂತಿದ್ದ. ಅಳುತ್ತಿದ್ದ ಕೂಡ. ತಾಸೆ ವಾದ್ಯದ ಪೆಟ್ಟು ಬಿದ್ದದ್ದೇ ಅಳು ನಿಂತು ಹುಲಿಯಾದ. ಮನೆಮನೆಯವರು ಬಾಗಿಲಿಗೆ ಬಂದು ನೋಡಿದರು. ಹುಡುಗಿಯರಿಗೆ ಆಗ ಹುಲಿ ಇರಲಿಲ್ಲ, ಈಗ ಉಂಟಂತೆ. ನನ್ನ ಪಾಲಿಗೆ ಬಂದದ್ದು ಬಣ್ಣ ತೆಗೆಯುವ ಸೀಮೆಎಣ್ಣೆಯ ಬಾಟಲಿ ಮತ್ತು ಹಳೆಯ ಪಂಚೆಯ ತುಂಡು. ಅವೆರಡನ್ನು ಹಿಡಿದುಕೊಂಡು ಹುಲಿಯ ಹಿಂದೆ ಹಿಂದೆ ಇಡೀ ದಿನ ನಡೆದೆ. ರಾತ್ರಿ ಅವನ ಬೆನ್ನು ತಿಕ್ಕುವಾಗ ಎಷ್ಟು ಜೋರಾಗಿ ತಿಕ್ಕಿದೆನೆಂದರೆ ಹುಲಿ ಮತ್ತೆ ಅತ್ತಿತು.

ಅಂತೂ ಓಣಿಯ ತುದಿಯಲ್ಲಿ ಕೊಳಲು ಶುರುವಾಯಿತು. ಬಂಡಿ ಎಳೆಯುವ ಗಂಡಸರು ಹಗ್ಗಕ್ಕೆ ಕೈ ಹಾಕಿದರು. ಹುಡುಗ ಡೋಲಿನ ಕೋಲು ಎತ್ತಿದ. ಮುದುಕಿ ಎದ್ದು ನಿಂತರು. ಅಷ್ಟರಲ್ಲಿ ನನ್ನ ಮೂಗಿನ ಮೇಲೆ ಒಂದು ಹನಿ ಬಿತ್ತು.

ನೀವು ಮಳೆ ಬೀಳುವ ಊರಿನವರಾದರೆ ಇದು ನಿಮಗೆ ಅರ್ಥವಾಗುವುದು ಕಷ್ಟ. ಅಲ್ ಕುಸೈಸಿನಲ್ಲಿ ಮಳೆ ಬಂತೆಂದರೆ ಯಾರೂ ಒಳಗೆ ಓಡುವುದಿಲ್ಲ, ಎಲ್ಲರೂ ಹೊರಗೆ ಓಡುತ್ತಾರೆ. ಲಿಫ್ಟಿನಲ್ಲಿ ಜಾಗ ಇರುವುದಿಲ್ಲ. ಪಾರ್ಕಿಂಗಿನಲ್ಲಿ ಮಕ್ಕಳು ಕುಣಿಯುತ್ತವೆ, ದೊಡ್ಡವರು ಕೈ ಚಾಚಿ ನಿಂತು ವಿಡಿಯೋ ಮಾಡಿ ಊರಿಗೆ ಕಳಿಸುತ್ತಾರೆ, ಎರಡನೇ ಮಹಡಿಯವರು ಗೋಳಿಬಜೆಗೆ ಎಣ್ಣೆ ಇಡುತ್ತಾರೆ. ಪ್ರಣತಿಗೆ ಮೊದಲ ಮಳೆ ತೋರಿಸಿದ್ದು ನಾನು. ಕಂಕುಳಲ್ಲಿ ಎತ್ತಿಕೊಂಡು ಮೆಟ್ಟಿಲಿಳಿದು ಓಡಿದ್ದೆ. ಅಂದಿನಿಂದ ಮಳೆ ಬಂದಾಗಲೆಲ್ಲ ನಾವಿಬ್ಬರೂ ಆಕಾಶಕ್ಕೆ ಮುಖ ಮಾಡಿ ಚಪ್ಪಾಳೆ ತಟ್ಟುವುದು. ಮಳೆ ನಮ್ಮಿಬ್ಬರದು. ಅದರಲ್ಲಿ ಟೀಚರಿಗೆ ಪಾಲಿಲ್ಲ.

"ಅಜ್ಜೀ, ಇಟ್ಸ್ ರೈನಿಂಗ್" ಎಂದು ಮಗು ದಿಂಬಿನಿಂದ ನೆಗೆಯಿತು. ಬೆಳಗಿನಿಂದ ಅವಳು ಅಜ್ಜಿ ಎಂದಾಗಲೆಲ್ಲ ಮೈಸೂರಿನ ಕಡೆಗೇ ತಿರುಗಿ ಹೇಳುತ್ತಿದ್ದಳು. ಈ ಸಲ ನೇರ ನನ್ನ ಹತ್ತಿರ ಬಂದಳು. ನನಗೆ ಇನ್ನೇನು ಬೇಕು? ಓಣಿಯ ನಡುವಿಗೆ ಹೋಗಿ ಇಬ್ಬರೂ ಮುಖ ಮೇಲೆ ಮಾಡಿ ಚಪ್ಪಾಳೆ ತಟ್ಟಿದೆವು. ಮಗು ಕುಣಿಯಿತು. ನಾನೂ ಸ್ವಲ್ಪ ಕುಣಿದಿರಬೇಕು, ತಿಂಡಿಯ ಸಾಲಿನಲ್ಲಿ ನಿಂತಿದ್ದ ಸುಪ್ರೀತಾ ದೂರದಿಂದ ನೋಡಿ ಹಾಗೆ ಹೇಳುತ್ತಾಳೆ. ಗೆದ್ದೆ ಎನಿಸಿತ್ತು.

ಆಮೇಲೆ ಕೊಳಲು ನಿಂತದ್ದು ಕಿವಿಗೆ ಬಿತ್ತು. ಇಡೀ ಓಣಿಯಲ್ಲಿ ಚಪ್ಪಾಳೆಯ ಸದ್ದು ನಮ್ಮದೊಂದೇ. ಗಂಡಸರು ಕೂಗುತ್ತಾ ಬಂಡಿಯನ್ನು ಹಿಂದಕ್ಕೆ ತಳ್ಳುತ್ತಿದ್ದರು. ಎತ್ತರದ ಬಾಗಿಲಿನ ಒಂದು ಉಗ್ರಾಣದೊಳಗೆ ಅದನ್ನು ಸೇರಿಸುವ ಆತುರ. ಟೀಚರು ಬಂದು ನನ್ನ ಮೊಣಕೈ ಹಿಡಿದರು.

"ವಾರಿಜಾ ಅವರೇ, ಸುಮ್ನಿರಿ. ಒಂದು ಹನಿ ಬಿದ್ರೂ ಇವರು ಬಂಡಿ ಎಳೆಯೋ ಹಾಗಿಲ್ಲ. ಆ ಅರಗು, ಆ ಚಿನ್ನ ಎಲ್ಲ ಹಾಳಾಗುತ್ತೆ. ಇವತ್ತಿಗೆ ಮುಗೀತು."

"ಮುಗೀತು ಅಂದ್ರೆ? ಆ ಹುಡುಗ?"

"ಆ ಹುಡುಗಂದೂ ಮುಗೀತು."

ನಾನು ಮುದುಕಿಯ ಕಡೆ ತಿರುಗಿದೆ. ಅವರು ಹಾಗೆಯೇ ನಿಂತಿದ್ದರು, ಬಂಡಿ ಇಲ್ಲದ ಓಣಿಯನ್ನು ನೋಡುತ್ತಾ. ನಮ್ಮ ಚಪ್ಪಾಳೆ ಅವರಿಗೆ ಕೇಳಿಸಿರಲೇಬೇಕು. ನನ್ನ ಕೈ ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯಲಿಲ್ಲ. ಹೊಟ್ಟೆಕಿಚ್ಚು ಪಟ್ಟದ್ದು ಹೌದು, ಆದರೆ ದೇವರೇ, ನಾನು ಇದನ್ನು ಕೇಳಿಕೊಂಡಿರಲಿಲ್ಲ.

ಅವರು ಬಯ್ಯಲಿಲ್ಲ. ಒದ್ದೆಯಾಗುತ್ತಿದ್ದ ಮಗುವನ್ನು ನೋಡಿ, ಬನ್ನಿ ಎಂದು ಒಳಗೆ ಕರೆದರು. ಚಪ್ಪಲಿ ಬಿಟ್ಟು ಚಾಪೆಯ ನೆಲದ ಮೇಲೆ ಕೂತೆವು. ಅಲ್ಲಿ ಇನ್ನೊಬ್ಬರು ಮುದುಕಿ ಇದ್ದರು. ಭಾರಿ ಬೆಲೆಯದೆಂದು ನೋಡಿದರೇ ತಿಳಿಯುವ ಬಟ್ಟೆ, ಕುತ್ತಿಗೆಯಲ್ಲಿ ಕ್ಯಾಮರಾ, ಮುಖ ಸಪ್ಪಗೆ. ಹಸಿರು ಚಹಾ ಬಂತು. ಗೋಡೆಗೆ ಒರಗಿ ಕೂತು ಅದನ್ನು ಕುಡಿಯುವಾಗ ಕಹಿ ಚಹಾದ್ದೋ ನನ್ನದೋ ತಿಳಿಯಲಿಲ್ಲ. ನಾನು ಕೈ ಮುಗಿದೆ, ಮಳೆಯನ್ನು ತೋರಿಸಿದೆ, ನನ್ನ ಕೆನ್ನೆಗೆ ಮೆಲ್ಲನೆ ಬಡಿದುಕೊಂಡೆ. ಮನೆಯೊಡತಿಗೆ ಏನರ್ಥವಾಯಿತೋ, ಇನ್ನಷ್ಟು ಚಹಾ ಸುರಿದರು.

ಆಗ ಟೀಚರು ತಮ್ಮ ಫೋನು ತೆಗೆದು ಅದಕ್ಕೆ ಇಂಗ್ಲಿಷಿನಲ್ಲಿ ಮೆಲ್ಲಗೆ ಏನೋ ಹೇಳಿ ಮನೆಯೊಡತಿಯ ಮುಂದೆ ಹಿಡಿದರು. ಫೋನು ಜಪಾನಿ ಮಾತಾಡಿತು. ಮುದುಕಿಯ ಮುಖ ಸಡಿಲವಾಯಿತು. ಆ ಎಂದು ಉದ್ದಕ್ಕೆ ಎಳೆದು, ನನ್ನನ್ನು ನೋಡಿ, ಪ್ರಣತಿಯನ್ನು ನೋಡಿ, ಎರಡು ಕೈಗಳಿಂದ ನನ್ನ ಕೈ ಹಿಡಿದುಕೊಂಡರು.

"ಎಂತ ಹೇಳಿದ್ದು ಟೀಚರೇ?"

"ನಾವಿರೋದು ಮರಳುಗಾಡಲ್ಲಿ, ಮಳೆ ನೋಡೋದೇ ಅಪರೂಪ, ಕ್ಷಮಿಸಿ ಅಂದೆ." ಟೀಚರು ಫೋನನ್ನು ಚೀಲಕ್ಕೆ ಹಾಕಿಕೊಂಡರು. "ಈ ಮಗೂಗೆ ಮಳೆ ಅಂದ್ರೇನು ಅಂತ ತೋರಿಸಿದೋರು ಇವರೇ ಅಂತಾನೂ ಹೇಳ್ದೆ."

ನಾನು ಚಹಾದ ಬಟ್ಟಲಿನೊಳಗೆ ನೋಡಿದೆ. ಅವರಿಗೆ ಅದು ಹೇಗೆ ಗೊತ್ತು? ಸುಪ್ರೀತಾ ಹೇಳಿರಬೇಕು, ಇಲ್ಲವೇ ಮಗುವೇ ಹೇಳಿರಬೇಕು, ಅವರ ಮನೆಗೆ ಹೋದಾಗ, ಅವರ ಮಡಿಲಲ್ಲಿ ಕೂತು. ನನ್ನ ಮಾತು ಅವರ ಮನೆಯಲ್ಲಿ ನಡೆಯುತ್ತದೆ ಎಂದಾಯಿತು. ಅವರು ಕೇಳಿಕೊಂಡು, ನೆನಪಿಟ್ಟುಕೊಂಡು, ಬೇಕಾದ ಕಡೆ ಆಡುತ್ತಾರೆ ಎಂದಾಯಿತು. ನಾನಾಗಿದ್ದರೆ ಆಡುತ್ತಿದ್ದೆನೇ? ಓದಿನಲ್ಲಿ ನನಗಿಂತ ಮುಂದೆ, ಹೆಣಿಗೆಯಲ್ಲಿ ಮುಂದೆ, ಈಗ ದೊಡ್ಡ ಮನಸ್ಸಿನಲ್ಲೂ ಮುಂದೆ. ಮನುಷ್ಯರು ಏನಾದರೊಂದನ್ನು ಇನ್ನೊಬ್ಬರಿಗೆ ಬಿಡಬೇಕಲ್ಲವೇ?

ಬಾಗಿಲು ಸರಿಯಿತು. ಹುಡುಗ ಬಂದ. ಮೂಗಿನ ಬಿಳಿ ಗೆರೆ ಕರಗಿ ತುಟಿಗೆ ಇಳಿದಿತ್ತು. ಮನೆಯೊಡತಿ ಟವೆಲ್ ಹಿಡಿದು ಎದ್ದರು. ಅದೇ ಕ್ಷಣಕ್ಕೆ ಕ್ಯಾಮರಾದ ಮುದುಕಿಯೂ ತಮ್ಮ ಚೀಲದಿಂದ ಇನ್ನೊಂದು ಟವೆಲ್ ತೆಗೆದು ಎದ್ದರು, ಅಂಚಿಗೆ ಕಸೂತಿ ಹಾಕಿದ್ದು. ಆಗ ನನಗೆ ಹೊಳೆಯಿತು. ಇವರು ಹುಡುಗನ ಇನ್ನೊಬ್ಬ ಅಜ್ಜಿ. ಎಲ್ಲಿಂದಲೋ ರೈಲು ಹತ್ತಿ ಮೊಮ್ಮಗನನ್ನು ಬಂಡಿಯ ಮೇಲೆ ನೋಡಲು ಬಂದವರು. ಇಬ್ಬರೂ ಟವೆಲ್ ಅಗಲಿಸಿ, ಒಬ್ಬರನ್ನೊಬ್ಬರು ನೋಡದೆ, ಹುಡುಗನಿಗೆ ಕಾದು ನಿಂತರು. ಟೀಚರು ನನ್ನ ಮಂಡಿಗೆ ಮಂಡಿ ತಾಗಿಸಿದರು. ನಾವಿಬ್ಬರೂ ಉಸಿರು ಬಿಗಿಹಿಡಿದು ನೋಡಿದೆವು.

ಹುಡುಗ ಬಗ್ಗಿ ಎರಡು ಟವೆಲುಗಳ ಅಡಿಯಿಂದ ನುಸುಳಿ ನೇರ ಮೂಲೆಗೆ ಹೋದ. ಅಲ್ಲಿ ದಪ್ಪನೆಯ ಒಂದು ಬೆಕ್ಕು ಮಲಗಿತ್ತು. ಅದರ ಹೊಟ್ಟೆಯಲ್ಲಿ ಮುಖ ಹುದುಗಿಸಿ, ಅಡ್ಡಬಿದ್ದು, ಅಳತೊಡಗಿದ.

ಇಬ್ಬರು ಅಜ್ಜಿಯರೂ ಟವೆಲ್ ಹಿಡಿದು ನಿಂತೇ ಇದ್ದರು. ಆಮೇಲೆ ಒಬ್ಬರನ್ನೊಬ್ಬರು ನೋಡಿದರು, ಆಮೇಲೆ ನಮ್ಮನ್ನು. ಮೊದಲು ನಕ್ಕದ್ದು ಟೀಚರು. ಹುಡುಗ ಅಳುವಾಗ ನಗಬಾರದೆಂದು ಸೆರಗು ಬಾಯಿಗಿಟ್ಟುಕೊಂಡರು. ನನಗೂ ತಡೆಯಲಿಲ್ಲ. ಆ ಇಬ್ಬರೂ ಬಾಯಿಗೆ ಟವೆಲ್ ಅಡ್ಡ ಹಿಡಿದು ನಕ್ಕರು, ನಗುತ್ತಾ ಕಣ್ಣು ಒರೆಸಿಕೊಂಡರು. ಪ್ರಣತಿ ಮಾತ್ರ ಎದ್ದು ಹೋಗಿ ಬೆಕ್ಕಿನ ಇನ್ನೊಂದು ಬದಿಯಲ್ಲಿ ಕೂತು, ಹುಡುಗನ ಕೈಗೆ ತನ್ನ ಸ್ವೆಟರಿನ ಮೊಲದ ಬಾಲ ಕೊಟ್ಟಳು. ಅವನು ಅಳುತ್ತಲೇ ಅದನ್ನು ಸವರಿದ.

ಬರುವಾಗ ಮನೆಯೊಡತಿ ನನ್ನ ಸೀರೆಯ ಮೇಲೆ ಒಂದು ಮಳೆಕೋಟು ಹೊದಿಸಿದರು. ಬಾಗಿಲ ಹಿಂದೆ ಇದೆ ಎಂದೆನಲ್ಲ, ಅದೇ.

ಆ ಸಂಜೆ ಹೋಟೆಲಿನಲ್ಲಿ ಸುಪ್ರೀತಾ ಮಗುವನ್ನು ಕೇಳಿಯೇ ಬಿಟ್ಟಳು, ನಾವು ಮೈಸೂರು ಅಜ್ಜಿಯ ಮನೆ ಹತ್ತಿರ ಹೋಗಿ ಇರುವುದಾ ಅಂತ. ನಾನು ಮಂಚದ ಮೇಲೆ ಸ್ವೆಟರ್ ಮಡಚುತ್ತಿದ್ದೆ. ಟೀಚರು ಕಿಟಕಿಯ ಹತ್ತಿರ ಪುಸ್ತಕ ಹಿಡಿದಿದ್ದರು, ಪುಟ ತಿರುವುತ್ತಿರಲಿಲ್ಲ. ಪ್ರಣತಿ ಟಿವಿಯಿಂದ ಕಣ್ಣು ತೆಗೆಯದೆ ಕೇಳಿದ್ದು ಒಂದೇ ಪ್ರಶ್ನೆ.

"ಈಸ್ ದೇರ್ ಅ ಪೂಲ್?"

ಇತ್ತು. ಅಲ್ಲಿಯ ಕಟ್ಟಡದಲ್ಲಿ ಈಜುಕೊಳವಿತ್ತು. ಖಲಾಸ್. ಬೀಗಿತ್ತಿಯ ಮೇಲೆ, ಮೊಲದ ಬಾಲದ ಮೇಲೆ, ಮರದ ಬೊಂಬೆಯ ಮೇಲೆ, ಜಪಾನಿ ಅಜ್ಜಿಯ ಮೇಲೆ ಉರಿದುಕೊಂಡದ್ದು ಸಾಲದೆಂದು ಕೊನೆಗೆ ನಾನು ಒಂದು ನೀರಿನ ಹೊಂಡದ ಮೇಲೆ ಉರಿದುಕೊಳ್ಳಬೇಕಾಯಿತು. ಟೀಚರ ಮುಖ ನೋಡಿದೆ. ಗೆದ್ದ ಮುಖ ಕಾಣಲಿಲ್ಲ. ಅವರೂ ಹೊಂಡಕ್ಕೇ ಸೋತಿದ್ದರು.

ದುಬೈಗೆ ಮರಳಿದ ಮೇಲೆ ಐದನೇ ಮಹಡಿ ಖಾಲಿಯಾಯಿತು. ಮಗು ಶುಕ್ರವಾರ ಸಂಜೆ ಬರುತ್ತದೆ, ಭಾನುವಾರ ರಾತ್ರಿ ಹೋಗುತ್ತದೆ. ಬಂದಾಗ ಗುಳಿ ತೋರಿಸಿ ನಗುತ್ತದೆ, ಈಜು ಕಲಿತದ್ದನ್ನು ನಮ್ಮ ಸೋಫಾದ ಮೇಲೆ ಮಾಡಿ ತೋರಿಸುತ್ತದೆ. ನನಗೇನು ಕಡಿಮೆ? ಆದರೆ ವಾರದ ನಡುವೆ ಮಧ್ಯಾಹ್ನವಾದರೆ ಕೈಗೆ ಒಂದು ಥರ ತುರಿಕೆ.

ಮೊನ್ನೆ ಮಂಗಳವಾರ ಅದು ಜೋರಾಯಿತು. ನಾನು ಒಬ್ಬಳೇ ಈ ಊರಿನಲ್ಲಿ ಎಲ್ಲಿಗೂ ಹೋದವಳಲ್ಲ. ಇಂಗ್ಲಿಷ್ ಅಕ್ಷರ ಕೂಡಿಸಿ ಓದುವಷ್ಟರಲ್ಲಿ ರೈಲು ಹೋಗಿರುತ್ತದೆ. ಬಣ್ಣ ಮಾತ್ರ ಗೊತ್ತಾಗುತ್ತದೆ. ಹಸಿರು ಗೆರೆಯ ಮೆಟ್ರೋ ಹತ್ತಿದೆ, ಕೆಂಪು ಗೆರೆಗೆ ಬದಲಾಯಿಸಿದೆ, ಇಳಿದು ಒಬ್ಬ ಮಲಯಾಳಿಯನ್ನು ಕೇಳಿ ಬಸ್ಸು ಹತ್ತಿದೆ. ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಮಗ ಹೊರಗೆ ಬಿಡುತ್ತಿರಲಿಲ್ಲ.

ಸಿಲಿಕಾನ್ ಓಯಸಿಸ್‌ನ ಆ ಕಟ್ಟಡದ ಮುಂದೆ ಟೀಚರು ಛತ್ರಿ ಹಿಡಿದು ನಿಂತಿದ್ದರು, ಬಿಸಿಲಿಗೆ. ನನ್ನನ್ನು ನೋಡಿ ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ಬಂದ್ರಾ? ಹೋದ ವಾರಾನೇ ಬರ್ತೀರಿ ಅಂದ್ಕೊಂಡಿದ್ದೆ."

"ಸುಮ್ಮನೆ ಈ ಕಡೆ ಬಂದದ್ದು ಟೀಚರೇ."

"ಸುಮ್ಮನೆ ಬರೋ ಜಾಗಾನೇ ಇದು? ಬನ್ನಿ, ಇಲ್ಲಿ ನಿಂತ್ಕೊಳ್ಳಿ. ಬಸ್ಸಿನ ಬಾಗಿಲು ಸರಿಯಾಗಿ ಇಲ್ಲೇ ತೆರೆಯೋದು." ಅವರು ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಛತ್ರಿಯನ್ನು ನನ್ನ ತಲೆಯ ಮೇಲೆ ಹಿಡಿದರು.

ಇಷ್ಟೇ ದಿನದಲ್ಲಿ ಬಾಗಿಲು ಎಲ್ಲಿ ತೆರೆಯುತ್ತದೆ ಎಂಬುದನ್ನೂ ಇವರು ಕಲಿತುಬಿಟ್ಟಿದ್ದಾರಲ್ಲ ಎಂದು ನನಗೆ ಚುರ್ರೆಂದಿತು. ಆದರೂ ಹೋಗಿ ಅಲ್ಲಿಯೇ ನಿಂತೆ. ಬಸ್ಸು ಬಂತು. ಬಾಗಿಲು ಸರಿಯಾಗಿ ನನ್ನೆದುರು ತೆರೆಯಿತು. ಬಸ್ಸಿನ ಹೆಂಗಸು ಹೊಸಬಳು, ಪ್ರಣತಿಯ ಕೈ ಬಿಗಿಯಾಗಿ ಹಿಡಿದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಕೊಡಲಿಲ್ಲ. ಹಿಂದಿನಿಂದ ಟೀಚರು ಗಟ್ಟಿಯಾಗಿ, ತರಗತಿಯ ಕೊನೆಯ ಬೆಂಚಿಗೂ ಕೇಳುವಂತೆ ಹೇಳಿದರು.

"ಶೀ ಈಸ್ ಆಲ್ಸೋ ದ ಗ್ರ್ಯಾಂಡ್‌ಮದರ್."

ಆ ಆಲ್ಸೋವನ್ನು ಅಷ್ಟೊಂದು ಒತ್ತಿ ಹೇಳಬೇಕಾಗಿರಲಿಲ್ಲ. ನಾನು ಕೈ ಚಾಚಿದೆ.